ಪೈಕ್ ಕಥೆ ಗೊತ್ತಾದ ಮೇಲೆ ಹಳೇ ಸ್ಟಾರ್ ಟ್ರೆಕ್ ಮೊದಲಿನ ಹಾಗೇ ಕಾಣುತ್ತಾ?

ತುಂಗಾತೀರ:
ತೀರ್ಥಹಳ್ಳಿ ಕಡೆ ಮಳೆ ಹಿಡಿದು ಕೂತಿದೆ. ಸಂಜೆಯಾದರೆ ಅಕ್ಕನ ಮಗಳಿಗೆ ಹಳೇ ಸ್ಟಾರ್ ಟ್ರೆಕ್ ತೋರಿಸುತ್ತಿದ್ದೇನೆ, 1966ರಿಂದ 1969ರವರೆಗೆ ಬಂದ ಅಮೆರಿಕದ ಬಾಹ್ಯಾಕಾಶ ಕಥೆಯ ಟಿವಿ ಸರಣಿ. ಅವಳು ಅದಕ್ಕೂ ಮೊದಲೇ ಸ್ಟ್ರೇಂಜ್ ನ್ಯೂ ವರ್ಲ್ಡ್ಸ್ ನೋಡಿದ್ದಾಳೆ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಅದು ಶುರುವಾಗಿದ್ದು 2022ರಲ್ಲಿ, ಆದರೆ ಕಥೆ ಹಳೇದಕ್ಕಿಂತ ಮುಂಚಿನದು. ಹಳೇದರ ನಾಯಕ ಕರ್ಕ್ ಬರುವ ಮೊದಲು ಎಂಟರ್‌ಪ್ರೈಸ್ ಅನ್ನೋ ಬಾಹ್ಯಾಕಾಶ ಹಡಗಿಗೆ ಕ್ಯಾಪ್ಟನ್ ಆಗಿದ್ದ ಪೈಕ್‌ನ ಕಥೆ.

ಮೊನ್ನೆ 'ದಿ ಮಿನಾಜರಿ' ಹಾಕಿದೆ, ಎರಡು ಭಾಗದ ಎಪಿಸೋಡ್. ಅದರಲ್ಲಿ ಪೈಕ್ ಒಂದು ಯಂತ್ರದ ಕುರ್ಚಿಯಲ್ಲಿ ಕೂತಿರುತ್ತಾನೆ. ಮುಖದ ತುಂಬ ಗಾಯ, ಕೈಕಾಲು ಆಡುವುದಿಲ್ಲ, ಮಾತಿಲ್ಲ. ಕುರ್ಚಿಯ ಮುಂದೆ ಒಂದು ದೀಪ. ಒಂದು ಸಲ ಮಿನುಗಿದರೆ ಹೌದು, ಎರಡು ಸಲ ಮಿನುಗಿದರೆ ಇಲ್ಲ. ಹಿಂದೆ ಅವನ ಕೈಕೆಳಗೆ ದುಡಿದ ಅಧಿಕಾರಿ ಸ್ಪಾಕ್ ಅವನನ್ನು ಟಾಲೋಸ್ ಅನ್ನೋ ಗ್ರಹಕ್ಕೆ ಕದ್ದು ಕರೆದೊಯ್ಯುತ್ತಾನೆ. ಆ ಗ್ರಹಕ್ಕೆ ಹೋದವರಿಗೆ ಮರಣದಂಡನೆ. ದಾರಿಯುದ್ದಕ್ಕೂ ಪೈಕ್‌ನ ದೀಪ ಇಲ್ಲ, ಇಲ್ಲ ಅಂತಲೇ ಮಿನುಗುತ್ತದೆ. ಮೊದಲೆಲ್ಲ ನಾನು ಸ್ಪಾಕ್ ಮುಖ ನೋಡುತ್ತಿದ್ದೆ, ಇಷ್ಟು ನಿಯತ್ತಿನವನು ಯಾಕೆ ಹೀಗೆ ಮಾಡಿದ ಅಂತ. ಈ ಸಲ ದೀಪದ ಮೇಲಿಂದ ಕಣ್ಣು ಕೀಳೋಕೆ ಆಗಲಿಲ್ಲ. ಯಾಕೆಂದರೆ ಹೊಸ ಸರಣಿಯಲ್ಲಿ ಪೈಕ್‌ಗೆ ತನಗೆ ಆಗಲಿರುವುದು ಮೊದಲೇ ಗೊತ್ತು. ತಪ್ಪಿಸಿಕೊಳ್ಳಬಹುದಿತ್ತು. ತಪ್ಪಿಸಿಕೊಂಡರೆ ಅದರ ಬೆಲೆ ಸ್ಪಾಕ್ ತೆರಬೇಕಾಗುತ್ತದೆ ಅಂತ ಕಂಡ ಮೇಲೆ ಸುಮ್ಮನಾದ. ಅಂಥವನ ಕಣ್ಣೆದುರೇ ಈಗ ಸ್ಪಾಕ್ ಅವನಿಗಾಗಿ ಸಾಯೋಕೆ ಹೊರಟಿದ್ದಾನೆ, ಬೇಡ ಅನ್ನೋಕೆ ಇವನ ಹತ್ತಿರ ಇರುವುದು ಒಂದು ದೀಪ ಮಾತ್ರ. ಹಳೇ ಎಪಿಸೋಡಿನ ಒಂದು ಫ್ರೇಮೂ ಬದಲಾಗಿಲ್ಲ, ಆದರೂ ನಾನು ನೋಡಿದ್ದು ಬೇರೆಯದೇ ಕಥೆ. ನನ್ನ ಪ್ರಕಾರ ಹೊಸದರಿಂದ ಹಳೇದಕ್ಕೆ ಲಾಭವೇ ಆಗಿದೆ. ನಿಮಗೇನನ್ನಿಸುತ್ತೆ?

ಹಳೇ ಪ್ರೇಕ್ಷಕ:
ಲಾಭ ಅನ್ನೋದನ್ನು ನಾನು ಒಪ್ಪಲ್ಲ ಮಾರಾಯ್ರೆ. ದೂರದರ್ಶನದಲ್ಲಿ ಬರುತ್ತಿದ್ದ ಕಾಲದಿಂದ ನೋಡಿದವನು ನಾನು, ಅಡಿಕೆ ಮರದ ಕಂಬಕ್ಕೆ ಆಂಟೆನಾ ಕಟ್ಟಿ, ಗಾಳಿ ಬಂದಾಗಲೆಲ್ಲ ತಿರುಗಿಸಿಕೊಂಡು.

ಆ ಕುರ್ಚಿ ಹೇಗೆ ಬಂತು ಅಂತ ಒಂದು ಸಲ ನೆನಪು ಮಾಡಿಕೊಳ್ಳಿ. ಮೊದಲು 'ದಿ ಕೇಜ್' ಅಂತ ಒಂದು ಪೈಲಟ್, ಅಂದರೆ ಮಾದರಿ ಎಪಿಸೋಡ್, ತೆಗೆದರು. ಜೆಫ್ರಿ ಹಂಟರ್ ಪೈಕ್ ಆಗಿದ್ದರು. ಎನ್‌ಬಿಸಿ ಟಿವಿಯವರು ಬೇಡ ಅಂದರು. ಆಮೇಲೆ ಕರ್ಕ್‌ನನ್ನು ಇಟ್ಟುಕೊಂಡು ಶುರು ಮಾಡಿದಾಗ ವಾರ ವಾರಕ್ಕೆ ಎಪಿಸೋಡ್ ಮುಗಿಸಿ ಕೊಡೋದೇ ಕಷ್ಟವಾಯಿತು. ಆ ಪೈಲಟ್ ಸುಮ್ನೆ ಬಿದ್ದಿತ್ತಲ್ಲ, ಅದರ ಸುತ್ತ ಒಂದು ವಿಚಾರಣೆಯ ಕಥೆ ಕಟ್ಟಿದರು. ಹಂಟರ್ ಸಿಗಲಿಲ್ಲ, ಶಾನ್ ಕೆನ್ನಿ ಅನ್ನೋ ಬೇರೆ ನಟನಿಗೆ ಗಾಯದ ಮೇಕಪ್ ಹಾಕಿ ಕೂರಿಸಿದರು. ಅಷ್ಟು ಅವಸರದಲ್ಲಿ ಮಾಡಿದ್ದು ಇವತ್ತಿಗೂ ನಿಂತಿದೆ. ಪೈಕ್ ಬಗ್ಗೆ ಅದರಲ್ಲಿ ಹೇಳೋದು ಬಹಳ ಕಡಿಮೆ. ತರಬೇತಿ ಹಡಗಿನಲ್ಲಿ ಅಪಘಾತವಾಯಿತು, ಒಳಗೆ ನುಗ್ಗಿ ಇನ್ನೂ ಜೀವ ಇದ್ದ ಹುಡುಗರನ್ನು ಹೊರಗೆ ತಂದ. ಮುಗೀತು. ಹಿಂದೆಮುಂದೆ ನೋಡದೆ ನುಗ್ಗಿದ ಮನುಷ್ಯ ಅವನು. ಈಗ ವರ್ಷಗಟ್ಟಲೆ ಮೊದಲೇ ಅವನಿಗೆ ಗೊತ್ತಿತ್ತು ಅಂತೀರಿ. ಆ ಹುಡುಗರ ಹೆಸರುಗಳನ್ನೂ ಬಾಯಿಪಾಠ ಮಾಡಿಕೊಂಡಿದ್ದ ಅಂತ ಹೊಸದು ಹೇಳುತ್ತೆ. ನನಗೆ ಆ ನುಗ್ಗಿದವನೇ ಬೇಕು.

ಸಾಗರದವಳು:
ಗೊತ್ತಿದ್ದೂ ಹೋದರೆ ಧೈರ್ಯ ಕಡಿಮೆಯಾಗುತ್ತಾ ಅಣ್ಣ? ಕರ್ಣಭೇದನ ತಾಳಮದ್ದಳೆ ನೀವು ಕೇಳಿಯೇ ಇರುತ್ತೀರಿ. ಕೃಷ್ಣ ಹುಟ್ಟಿನ ಗುಟ್ಟು ಹೇಳಿ ಈ ಕಡೆ ಬಾ ಅಂದರೂ ಕರ್ಣ ಹೋಗಲ್ಲ. ಸಾವು ಎದುರಿಗೇ ಇದೆ ಅಂತ ಅವನಿಗೂ ಗೊತ್ತು. ಆ ಪ್ರಸಂಗ ಚೆನ್ನಾಗಿ ಕೇಳಿದವರಿಗೆ ಆಮೇಲೆ ಕರ್ಣಪರ್ವದ ರಥ ಹೂತುಹೋಗುವ ಜಾಗ ಮೊದಲಿನಂತೆ ಇರಲ್ಲ. ಯಾರೂ ಅದರಿಂದ ಕರ್ಣಪರ್ವ ಹಾಳಾಯಿತು ಅಂದಿಲ್ಲ.

ಪೈಕ್ ವಿಷಯ ಇರಲಿ. ನನಗೆ ಜಾಸ್ತಿ ಬದಲಾಗಿದ್ದು ಉಹೂರಾ, ಹಡಗಿನ ಸಂಪರ್ಕ ಅಧಿಕಾರಿ. ಹಳೇದರಲ್ಲಿ ನಿಚೆಲ್ ನಿಕಲ್ಸ್ ಕಿವಿಗೆ ಆ ಸಾಧನ ಹಾಕಿಕೊಂಡು ಬೆನ್ನು ತಿರುಗಿಸಿ ಕೂತಿರುತ್ತಾರೆ. ಎಷ್ಟೋ ಎಪಿಸೋಡಿನಲ್ಲಿ ಎರಡು ಮೂರು ಮಾತು, ಅಷ್ಟೇ. ಆಕೆಯ ಮೊದಲ ಹೆಸರು ಕೂಡ ಆ ಮೂರು ಸೀಸನ್‌ನಲ್ಲಿ ಬರಲ್ಲ. ಹೊಸದರಲ್ಲಿ ಅವಳು ಅಪ್ಪ ಅಮ್ಮನನ್ನು ಕಳೆದುಕೊಂಡವಳು, ಹತ್ತಾರು ಭಾಷೆ ಬಲ್ಲವಳು, ಈ ಕೆಲಸ ತನಗೆ ಬೇಕಾ ಬೇಡವಾ ಅಂತ ಗೊಂದಲದಲ್ಲಿ ಇರುವ ಹುಡುಗಿ. ಅದನ್ನು ನೋಡಿ ಹಳೇದಕ್ಕೆ ಬಂದರೆ ಕರ್ಕ್ ಮಾತಾಡುತ್ತಿದ್ದರೂ ನನ್ನ ಕಣ್ಣು ಅವನ ಹಿಂದಿನ ಕುರ್ಚಿಗೇ ಹೋಗುತ್ತದೆ. 'ಬ್ಯಾಲೆನ್ಸ್ ಆಫ್ ಟೆರರ್' ಎಪಿಸೋಡಿನಲ್ಲಿ ಅವಳು ತನ್ನ ಜಾಗ ಬಿಟ್ಟು ಮುಂದೆ ಬಂದು ನ್ಯಾವಿಗೇಶನ್ ಕುರ್ಚಿಯಲ್ಲಿ ಕೂರುತ್ತಾಳೆ, ನೆನಪಿದೆಯಾ? ಯಾರೂ ಅದನ್ನು ದೊಡ್ಡದು ಮಾಡಲ್ಲ. ಬಾ ಅಂದರು, ಬಂದು ಕೂತು ಹಡಗು ನಡೆಸಿದಳು. ಅದು ಅಲ್ಲಿ ಇದ್ದದ್ದೇ. ನಾನು ನೋಡಿದ್ದು ಮಾತ್ರ ಹೊಸ ಸರಣಿ ಬಂದ ಮೇಲೆ.

ಆಗುಂಬೆ ಘಾಟಿ:
'ಬ್ಯಾಲೆನ್ಸ್ ಆಫ್ ಟೆರರ್' ಹೆಸರು ಬಂತಲ್ಲ, ನಿಜವಾದ ಪರೀಕ್ಷೆ ಅದೇ. ರೊಮುಲನ್ ಅನ್ನೋ ಶತ್ರು ಜನಾಂಗದ ಹಡಗೊಂದು ಗಡಿ ಠಾಣೆಗಳನ್ನು ನಾಶ ಮಾಡಿ ವಾಪಸ್ ಓಡುತ್ತಿದೆ. ಹೊಡೆದರೆ ಯುದ್ಧ ಆಗಬಹುದು, ಬಿಟ್ಟರೂ ಆಗಬಹುದು. ಕರ್ಕ್ ಹೊಡೆಯುತ್ತಾನೆ. ಹೊಸದರ ಮೊದಲ ಸೀಸನ್‌ನ ಕೊನೆಯ ಎಪಿಸೋಡ್ ಇದನ್ನೇ ಮತ್ತೆ ಆಡಿಸುತ್ತೆ, ಆದರೆ ಕ್ಯಾಪ್ಟನ್ ಕುರ್ಚಿಯಲ್ಲಿ ಪೈಕ್. ಅವನು ಮಾತುಕತೆಗೆ ನೋಡುತ್ತಾನೆ, ಒಳ್ಳೆಯ ಮನಸ್ಸಿನಿಂದಲೇ. ಕೊನೆಗೆ ದೊಡ್ಡ ಯುದ್ಧ, ಸ್ಪಾಕ್‌ಗೆ ತೀವ್ರ ಗಾಯ. ಇದನ್ನು ನೋಡಿದ ಮೇಲೆ ಹಳೇದರಲ್ಲಿ ಕರ್ಕ್ ಕೊಟ್ಟ ಆ ಕಠಿಣ ಆಜ್ಞೆ ನನಗೆ ಬೇರೆ ಥರ ಕಂಡಿತು. ಮೊದಲು ಅವನು ಜಗಳಗಂಟ ಅಂತ ಅನ್ನಿಸುತ್ತಿತ್ತು.

ಹಳೇ ಪ್ರೇಕ್ಷಕ:
ನನ್ನ ದೂರು ಇಲ್ಲೇ ಇರೋದು. ಹಳೇ ಎಪಿಸೋಡಿನಲ್ಲಿ ಕರ್ಕ್‌ಗೆ ತಾನು ಮಾಡಿದ್ದು ಸರಿಯಾ ಅಂತ ಗೊತ್ತಿಲ್ಲ. ನಮಗೂ ಗೊತ್ತಿಲ್ಲ. ಆ ಕಡೆಯ ಕಮಾಂಡರ್ ಕೂಡ ಸಜ್ಜನ, ಅವನಿಗೂ ಯುದ್ಧ ಸಾಕಾಗಿದೆ. ಮಾರ್ಕ್ ಲೆನಾರ್ಡ್ ಆ ಪಾತ್ರ ಮಾಡಿದ್ದು ನೋಡಿ, ಶತ್ರು ಅಂತ ಅನ್ನಿಸುವುದೇ ಇಲ್ಲ. ಅಂಥವನನ್ನು ಸಾವಿನವರೆಗೆ ಅಟ್ಟಿದ್ದು ಸರಿಯೋ ತಪ್ಪೋ ಅನ್ನೋ ಸಂಕಟ ಇಟ್ಟುಕೊಂಡೇ ಎಪಿಸೋಡ್ ಮುಗಿಯುತ್ತದೆ. ಹೊಸದು ಬಂದು ಉತ್ತರ ಹೇಳಿಬಿಟ್ಟಿತು: ಕರ್ಕ್ ಸರಿ, ಮೆತ್ತಗಿದ್ದರೆ ಲಕ್ಷಾಂತರ ಜನ ಸಾಯುತ್ತಿದ್ದರು. ಆ ಸಂಕಟ ಹೋದ ಮೇಲೆ ಉಳಿದದ್ದೇನು, ಎರಡು ಹಡಗಿನ ಬೇಟೆ. ವಿಯೆಟ್ನಾಂ ಯುದ್ಧ ನಡೆಯುತ್ತಿದ್ದ ಕಾಲದಲ್ಲಿ, 1966ರ ಡಿಸೆಂಬರ್‌ನಲ್ಲಿ ಬಂದ ಎಪಿಸೋಡ್ ಅದು. ಉತ್ತರ ಕೊಡದೆ ಇದ್ದದ್ದೇ ಅದರ ದೊಡ್ಡತನ.

ಆಗುಂಬೆ ಘಾಟಿ:
ಪೈಕ್ ಆ ಜಾಗದಲ್ಲಿದ್ದರೆ ಅಂತ ತೋರಿಸಿದ್ದು, ಎಲ್ಲರಿಗೂ ಇದೇ ಸರಿ ಅಂತ ಎಲ್ಲಿ ಹೇಳಿದೆ? ಆದರೆ ಲೆನಾರ್ಡ್ ವಿಷಯ ಒಪ್ಪಿದೆ. ಹೊಸದರ ಕಮಾಂಡರ್ ಅವರ ಹತ್ತಿರಕ್ಕೂ ಬರಲ್ಲ.

ಭದ್ರಾವತಿ ಹುಡುಗ:
ಎಲ್ಲರೂ ಗಾರ್ನ್ ಅನ್ನೋ ಅನ್ಯಗ್ರಹದವರನ್ನು ಬಿಟ್ಟು ಮಾತಾಡುತ್ತಿದ್ದೀರಿ. ಹಳೇದರ ಎಪಿಸೋಡ್ 'ಅರೀನಾ', 1967ರ ಜನವರಿ. ಹಲ್ಲಿ ಮುಖದ ರಬ್ಬರ್ ಸೂಟು ಹಾಕಿಕೊಂಡ ಗಾರ್ನ್ ಜೊತೆ ಕರ್ಕ್ ಒಬ್ಬನೇ ಬಂಡೆಗಳ ನಡುವೆ ಹೊಡೆದಾಡುತ್ತಾನೆ. ಗಂಧಕ, ಇದ್ದಿಲು, ಪೆಟ್ಲುಪ್ಪು ಹುಡುಕಿ, ಬಿದಿರಿನ ಬೊಂಬಿನಲ್ಲಿ ತುಂಬಿ, ವಜ್ರದ ಕಲ್ಲುಗಳನ್ನೇ ಗುಂಡು ಮಾಡಿ ಹಾರಿಸುತ್ತಾನೆ. ಗಾರ್ನ್ ಕೆಳಗೆ ಬಿದ್ದ ಮೇಲೆ ಕೊಲ್ಲಲ್ಲ. ಯಾಕೆ? ಅವರ ಜಾಗಕ್ಕೆ ನಾವೇ ಗೊತ್ತಿಲ್ಲದೆ ನುಗ್ಗಿರಬಹುದು, ಅವರು ತಮ್ಮ ನೆಲ ಕಾಯುತ್ತಿರಬಹುದು ಅಂತ ಅವನಿಗೆ ಹೊಳೆಯುತ್ತದೆ. ರಾಕ್ಷಸ ಅಂದುಕೊಂಡವನಿಗೂ ಒಂದು ನ್ಯಾಯ ಇದೆ ಅನ್ನೋದೇ ಕಥೆ.

ಹೊಸದರಲ್ಲಿ ಅದೇ ಗಾರ್ನ್‌ಗಳು ಮನುಷ್ಯರ ಮೈಯೊಳಗೆ ಮೊಟ್ಟೆ ಇಡುತ್ತವೆ. ಮರಿಗಳು ಮೈ ಸೀಳಿಕೊಂಡು ಹೊರಗೆ ಬರುತ್ತವೆ. ಎಂಟರ್‌ಪ್ರೈಸ್‌ನವರಿಗೆ ಮೊದಲೇ ಇಷ್ಟೆಲ್ಲ ಗೊತ್ತಿದ್ದರೆ 'ಅರೀನಾ'ದಲ್ಲಿ ಎಲ್ಲರೂ ಗಾರ್ನ್ ಹೆಸರೇ ಕೇಳದವರ ಹಾಗೆ ಯಾಕಿರುತ್ತಾರೆ? ಅದು ಸಣ್ಣ ವಿಷಯ, ಬಿಡಿ. ನನ್ನ ಬೇಸರ ಬೇರೆ. ನಾಡಿಗೂ ಕಾಡಿಗೂ ಗಡಿ ಎಲ್ಲಿ ಅಂತ ದಿನಾ ಜಗಳ ನಡೆಯುವ ಕಡೆ ಬೆಳೆದವನು ನಾನು. ಆನೆ ತೋಟಕ್ಕೆ ಬಂತೋ, ತೋಟ ಆನೆಯ ದಾರಿಗೆ ಹೋಯಿತೋ ಅಂತ ಕೇಳುವ ಎಪಿಸೋಡ್ ಅದು ನನ್ನ ಪಾಲಿಗೆ. ಹೊಸ ಸರಣಿ ಆ ಪ್ರಶ್ನೆಯನ್ನೇ ತೆಗೆದುಹಾಕಿತು.

ತುಂಗಾತೀರ:
ನಮ್ಮ ಹುಡುಗಿ ಇದಕ್ಕೆ ಉಲ್ಟಾ ಹೇಳಿದಳು. ಅವಳಿಗೆ ಗಾರ್ನ್ ಅಂದರೆ ಹೆದರಿಕೆ. ಅಷ್ಟು ಹೆದರಿದ್ದವಳಿಗೆ ಕರ್ಕ್ ಚಾಕು ಕೆಳಗಿಳಿಸಿದ್ದು ಇನ್ನೂ ದೊಡ್ಡದಾಗಿ ಕಂಡಿತು. ಇಂಥವರಿಗೂ ಕರುಣೆ ತೋರಿಸಿದನಲ್ಲ ಅಂದಳು.

ಭದ್ರಾವತಿ ಹುಡುಗ:
ಅವಳು ಹೇಳಿದ್ದು ಕರುಣೆ. ಎಪಿಸೋಡ್ ಕೇಳೋದು ನ್ಯಾಯ. ನಾವೇ ತಪ್ಪಿರಬಹುದು ಅನ್ನೋ ಮಾತು ಹೊಸದು ನೋಡಿ ಬಂದವರಿಗೆ ಹೊಳೆಯೋದೇ ಇಲ್ಲ. ಅವಳನ್ನು ಇದೊಂದು ಕೇಳಿ ನೋಡಿ.

ಕೊಪ್ಪದ ತೋಟದಮನೆ:
ಟಿಪ್ರಿಂಗ್ ವಿಷಯ ಯಾರೂ ಎತ್ತಲಿಲ್ಲ. ಹಳೇದರ 'ಅಮೋಕ್ ಟೈಮ್' ಎಪಿಸೋಡಿನಲ್ಲಿ ಪರದೆ ಮೇಲೆ ಅವಳ ಮುಖ ಬಂದಾಗ ಯಾರು ಇವಳು ಅಂತ ಉಹೂರಾ ಕೇಳುತ್ತಾಳೆ. ನನ್ನ ಹೆಂಡತಿ ಅಂತಾನೆ ಸ್ಪಾಕ್. ಪಕ್ಕದಲ್ಲೇ ನಿಂತ ನರ್ಸ್ ಚಾಪೆಲ್ ಮುಖ ಬಿಳಿಚಿಕೊಳ್ಳುತ್ತದೆ. ಹೊಸದರ ಪ್ರಕಾರ ಚಾಪೆಲ್‌ಗೆ ಟಿಪ್ರಿಂಗ್ ಚೆನ್ನಾಗಿ ಗೊತ್ತು. 1967ರಲ್ಲಿ ಬರೆದವರಿಗೆ 2022 ಗೊತ್ತಿರಲಿಲ್ಲ, ಅಷ್ಟೇ. ನಾನು ಇದಕ್ಕೆ ತಲೆ ಕೆಡಿಸಿಕೊಳ್ಳಲ್ಲ. ಆದರೆ ಒಂದು ಮಾತು ನಿಜ. ಚಾಪೆಲ್ ತಂದ ಸೂಪನ್ನು ಸ್ಪಾಕ್ ಎಸೆಯುವ ದೃಶ್ಯ ಮೊದಲು ಅವನ ಸಿಟ್ಟು ತೋರಿಸೋಕೆ ಮಾತ್ರ ಇದೆ ಅನ್ನಿಸುತ್ತಿತ್ತು. ಈಗ ಹೊಸದರಲ್ಲಿ ಅವರಿಬ್ಬರ ನಡುವೆ ಇದ್ದ ಪ್ರೀತಿ ಗೊತ್ತಿರುವವರಿಗೆ ಅದನ್ನು ನೋಡೋದು ಕಷ್ಟ.

ಸಾಗರದವಳು:
ಹೌದು, ಬಾಗಿಲ ಹೊರಗೆ ಅವಳು ನಿಂತಿರುವ ರೀತಿ. ಹಳೇ ಪ್ರೇಕ್ಷಕರೇ, ನಿಮಗೊಂದು ಕೇಳುತ್ತೇನೆ. 'ದಿ ಕೇಜ್'ನಲ್ಲಿ ಆ ನೀಲಿ ಎಲೆಗಳು ಗುಂಯ್ ಅನ್ನೋದನ್ನು ಮುಟ್ಟಿ ನೋಡಿ ಸ್ಪಾಕ್ ಬಾಯ್ತುಂಬ ನಗುತ್ತಾನಲ್ಲ. ಸ್ಪಾಕ್ ಭಾವನೆ ತೋರಿಸದ ಜನಾಂಗದವನು, ನಗಬಾರದು, ಪಾತ್ರ ಇನ್ನೂ ಗಟ್ಟಿಯಾಗಿರಲಿಲ್ಲ ಅಂತ ಎಲ್ಲರೂ ಪಕ್ಕಕ್ಕಿಡುತ್ತಿದ್ದರು. ಹೊಸದರ ಸ್ಪಾಕ್ ಇನ್ನೂ ಹುಡುಗ, ನಗಲಾ ಬೇಡವಾ ಅಂತ ಒದ್ದಾಡುವವನು. ಈಗ ಆ ನಗು ಅವನದೇ ಅನ್ನಿಸಲ್ವಾ?

ಹಳೇ ಪ್ರೇಕ್ಷಕ:
ಅನ್ನಿಸುತ್ತೆ ತಂಗಿ. ಎಲೆ ಹಿಡಿದು ನಗುವ ಆ ಜಾಗ ನನಗೆ ಮೊದಲಿಂದಲೂ ಇಷ್ಟ, ಅದಕ್ಕೊಂದು ನೆಲೆ ಸಿಕ್ಕಿದ್ದು ಒಳ್ಳೆಯದೇ ಆಯಿತು. ಆದರೆ ಗಾರ್ನ್ ವಿಷಯದಲ್ಲಿ ನಾನು ಭದ್ರಾವತಿಯವರ ಕಡೆ. ತುಂಗಾತೀರ, ಆ ಹುಡುಗಿಗೆ 'ಬ್ಯಾಲೆನ್ಸ್ ಆಫ್ ಟೆರರ್' ತೋರಿಸುವಾಗ ಮಧ್ಯದಲ್ಲಿ ನಿಲ್ಲಿಸಿ, ನೀನಾಗಿದ್ದರೆ ಏನು ಮಾಡುತ್ತಿದ್ದೆ ಅಂತ ಕೇಳಿ. ಪೈಕ್ ಮಾಡಿದ್ದನ್ನು ಬಿಟ್ಟು ಹೇಳು ಅನ್ನಿ. ಏನು ಹೇಳಿದಳು ಅಂತ ಇಲ್ಲಿ ಬರೆಯಿರಿ.