ಅಪ್ಪನ ಹಳೇ ಜಾವಾ: ಓಡಿಸೋದಾ, ಮಿಂಚಿಸೋದಾ?

ಪ್ರಶ್ನೆ: ಅಪ್ಪನ 1968ರ ಜಾವಾ 250 ಬೈಕ್ ಕೊಟ್ಟಿಗೆಯಲ್ಲಿ ನಿಂತಿದೆ. ಮರೂನ್ ಬಣ್ಣ ಮಾಸಿದೆ, ಟ್ಯಾಂಕಿನ ಕ್ರೋಮ್ ಅಲ್ಲಲ್ಲಿ ಚುಕ್ಕೆ ಬಿದ್ದಿದೆ, ಕಿಕ್ಕರ್ ತಿರುಗುತ್ತೆ. ಜುಲೈ ಎರಡನೇ ಭಾನುವಾರದ ಜಾವಾ ದಿನಕ್ಕೆ ಪೂರ್ತಿ ಬಿಚ್ಚಿ ಹೊಸದು ಮಾಡಿಸೋಣ ಅಂತಾನೆ ತಮ್ಮ. ನನಗೆ ಓಡಿಸೋ ಆಸೆ. ಅನುಭವ ಇದ್ದವರು ಹೇಳಿ.

ಮೈಸೂರಿನಿಂದ: ಬಣ್ಣದ ಮಾತು ಆಮೇಲೆ, ಮೊದಲು ಎಂಜಿನ್ ಬಿಚ್ಚಿಸಿ ಸಾರ್. ನಿಂತ ಗಾಡಿಗೆ ದೊಡ್ಡ ಶತ್ರು ಕ್ರ್ಯಾಂಕಿನ ಆಯಿಲ್ ಸೀಲ್, ಅಂದರೆ ಎಂಜಿನ್ ಒಳಗೆ ತಿರುಗೋ ದಂಡದ ಎರಡೂ ಕಡೆ ಇರೋ ರಬ್ಬರ್ ಬಳೆ. ಒಣಗಿ ಗಟ್ಟಿಯಾಗಿರುತ್ತೆ. ಡೈನಮೊ ಕಡೆಯದು ಗಾಳಿ ಎಳೆದರೆ ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ವೇಗ ಇಳಿಯೋದಿಲ್ಲ, ಹಾಗೇ ಓಡಿಸಿದರೆ ಪಿಸ್ಟನ್ ಬಿಸಿಗೆ ಜಾಮ್ ಆಗುತ್ತೆ. ಕ್ಲಚ್ ಕಡೆಯದು ಹೋದರೆ ಗೇರ್ ಆಯಿಲ್ ಕುಡಿದು ಬೀದಿ ತುಂಬ ಬಿಳಿ ಹೊಗೆ. ಜಿಕೋವ್ ಕಂಪನಿಯ ಕಾರ್ಬುರೇಟರಿನ ಜೆಟ್‌ನಲ್ಲಿ, ಅಂದರೆ ಪೆಟ್ರೋಲ್ ಹಾಯೋ ಸಣ್ಣ ತೂತಿನಲ್ಲಿ, ಹಳೇ ಪೆಟ್ರೋಲ್ ಅಂಟಾಗಿ ಕೂತಿರುತ್ತೆ. ಈಗಿನ ಎಥೆನಾಲ್ ಪೆಟ್ರೋಲ್ ನೀರು ಹೀರುತ್ತೆ, ಹಳೇ ರಬ್ಬರಿಗೂ ಆಗಿಬರೋದಿಲ್ಲ. ಶೋಗೆ ಅಂತ ಮಾಡಿಸಿ ವರ್ಷಕ್ಕೊಂದು ಸಲ ಹೊರಗೆ ತೆಗೆಯೋ ಗಾಡಿಗಳಿಗೆ ಇದೇ ರೋಗ.

ಎಂಜಿನ್ ಕವರನ್ನ ಮೆಷಿನ್ನಿನಲ್ಲಿ ಉಜ್ಜಿಸಿ ಬಫಿಂಗ್ ಹೊಡೆಸಬೇಡಿ, ಅಚ್ಚಿನ ಅಕ್ಷರ ಸವೆಯುತ್ತೆ. ಚಾಸಿಸ್ ನಂಬರಿನ ಮೇಲೆ ಪುಟ್ಟಿ ಬಳಿದರೆ ಆರ್‌ಟಿಒದಲ್ಲಿ ಎಫ್‌ಸಿಗೆ ಆ ನಂಬರಿನ ಪೆನ್ಸಿಲ್ ಪ್ರಿಂಟ್ ಕಾಗದಕ್ಕೆ ತೆಗೆಯೋವಾಗ ಪರದಾಟ. ಈ ಗಾಡಿ ತಯಾರಿಸಿದ ನಮ್ಮ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಅಲ್ಲಿಂದ ಬಂದ ಬಣ್ಣ ಇನ್ನೂ ಉಳಿದಿದ್ದರೆ ಪಾಲಿಶ್ ಮಾಡೋ ರಬ್ಬಿಂಗ್ ಕಾಂಪೌಂಡ್ ಹಾಕಿ ಉಜ್ಜಿ, ಸಾಕು. ಒಮ್ಮೆ ಕೆರೆದ ಮೇಲೆ ಅದು ಯಾರಪ್ಪ ಬಂದರೂ ವಾಪಸ್ ಬರೋದಿಲ್ಲ.

ಹಾಸನದಿಂದ: ಅಣ್ಣಾ, ನಮ್ಮ ಭಾವ ಮಿರಿಮಿರಿ ಮಿಂಚೋ ಹಾಗೆ ಮಾಡಿಸಿದರು, ಟ್ಯಾಂಕಿನ ಗೆರೆ ಕೂಡ ಸ್ಟಿಕ್ಕರು. ಈಗ ಮೋಡ ಕಂಡರೆ ಗಾಡಿ ಒಳಗೆ. ಗೀರು ಬಿದ್ದೀತು ಅಂತ ನಮ್ಮ ಅಕ್ಕನಿಗೂ ಹಿಂದಿನ ಸೀಟಿಲ್ಲ!

ಶಿವಮೊಗ್ಗದಿಂದ: ಎಲ್ಲರೂ ಓಡಿಸಿ ಓಡಿಸಿ ಅಂದರೆ ಹೇಗೆ? ನಮ್ಮ ಮಳೆಗೆ ನನ್ನ ಗಾಡಿಯ ಟ್ಯಾಂಕ್ ತಳ ತೂತಾಗಿತ್ತು. ಕತ್ತರಿಸಿ, ವೆಲ್ಡ್ ಮಾಡಿಸಿ, ಬಣ್ಣ ಹೊಡೆಸಲೇಬೇಕಾಯಿತು. ತುಕ್ಕು ತಿಂದ ಕಡೆ ಮಾಡಿಸಿ, ಮಿಕ್ಕಿದ್ದು ಹಾಗೇ ಇರಲಿ.

ಬೆಂಗಳೂರಿನಿಂದ: ಆರ್‌ಸಿ ನೋಡಿದಿರಾ? 2021ರ ನಿಯಮದಲ್ಲಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರೋ ಗಾಡಿಗೆ ವಿಂಟೇಜ್ ನೋಂದಣಿ ಸಿಗುತ್ತೆ. ಹೊಸದಾಗಿ ಮಾಡಿಸೋಕೆ 20,000 ರೂ., ಅವಧಿ 10 ವರ್ಷ. ಆದರೆ ಹಾಗೆ ಮಾಡಿಸಿದರೆ ದಿನಾ ಓಡಿಸೋ ಹಾಗಿಲ್ಲ. ರ‍್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ಬಂಕ್, ಇಂಥದ್ದಕ್ಕೆ ಮಾತ್ರ. ನಿಮಗೆ ತರಕಾರಿ ತರೋಕೆ ಹೋಗೋ ಆಸೆಯಿದ್ದರೆ ಹಳೇ ಆರ್‌ಸಿಯನ್ನೇ ರಿನ್ಯೂವಲ್ ಮಾಡಿಸಿ.

ಪ್ರಶ್ನೆ ಕೇಳಿದವರು: ತಮ್ಮನಿಗೆ ಓದಿಸಿದೆ. ಸೀಲ್, ಟೈರ್, ವೈರಿಂಗ್ ಮೊದಲು ಅಂತ ಒಪ್ಪಿದ. ಕ್ರೋಮ್ ವಿಷಯದಲ್ಲಿ ಇನ್ನೂ ಜಗಳ ನಡೀತಿದೆ. ಪೆಟ್ರೋಲಿಗೆ ಬೆರೆಸೋ 2ಟಿ ಆಯಿಲ್ ಎಷ್ಟು ಹಾಕಲಿ?

ಮೈಸೂರಿನಿಂದ: ಲೀಟರಿಗೆ 40 ಮಿ.ಲೀ. ಬಂಕಿನಲ್ಲಿ ಸಿಗುತ್ತೆ ಅಂತ ನಂಬಬೇಡಿ, ಡಬ್ಬ ಜೊತೆಗಿರಲಿ.