ಸಹಾಯ ಬೇಕು: ಪಿಯುಸಿ ಮಕ್ಕಳಿಗೆ ರಸ್ತೆ ಸುರಕ್ಷತೆಯ ಪಾಠ ಹೇಳಬಲ್ಲವರು

ಗುಂಪಿನ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ. ನಾನು ಮುಧೋಳ ತಾಲ್ಲೂಕಿನ ಒಂದು ಪದವಿಪೂರ್ವ ಕಾಲೇಜಿನಲ್ಲಿ ಉಪನ್ಯಾಸಕಿಯಾಗಿದ್ದೇನೆ. ನಮ್ಮ ವಿದ್ಯಾರ್ಥಿಗಳಲ್ಲಿ ಹಲವರು 18 ತುಂಬುವ ಮೊದಲೇ ಮನೆಯ ಬೈಕ್ ತಂದು, ಹಿಂದೆ ಇಬ್ಬರನ್ನು ಕೂರಿಸಿಕೊಂಡು, ಹೆಲ್ಮೆಟ್ ಇಲ್ಲದೆ ಓಡಾಡುತ್ತಾರೆ. ಕಬ್ಬಿನ ಹಂಗಾಮಿನಲ್ಲಿ ಹಿಂಬದಿಯ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರ್‌ಗಳು ಕತ್ತಲಲ್ಲಿ ರಸ್ತೆಯಂಚಿಗೆ ನಿಂತಿರುವ ನಮ್ಮ ಭಾಗದಲ್ಲಿ ಇದು ಎಂತಹ ಅಪಾಯವೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಅಪ್ರಾಪ್ತರು ವಾಹನ ಓಡಿಸಿ ಅಪರಾಧವೆಸಗಿದರೆ, ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಂತೆ, ಪಾಲಕರಿಗೆ ಅಥವಾ ವಾಹನದ ಮಾಲೀಕರಿಗೆ 25,000 ರೂಪಾಯಿ ದಂಡ ಹಾಗೂ 3 ವರ್ಷಗಳವರೆಗೆ ಸೆರೆವಾಸ ವಿಧಿಸಬಹುದೆಂಬುದು ನಾನು ಮಾತನಾಡಿಸಿದ ಬಹುತೇಕ ಪಾಲಕರಿಗೆ ತಿಳಿದಿರಲಿಲ್ಲ. ಆದರೂ ದಂಡದ ಭಯವೊಂದೇ ಸಾಲದು. ಹಿಂದೆ ಕುಳಿತ ಗೆಳೆಯನೇ ‘ನಿಧಾನ ನಡೆಸು, ಇಲ್ಲದಿದ್ದರೆ ನಾನು ಇಳಿಯುತ್ತೇನೆ’ ಎನ್ನುವ ಧೈರ್ಯ ಕಲಿಯಬೇಕೆಂಬುದು ನನ್ನ ಬಲವಾದ ನಂಬಿಕೆ.

ಆದ್ದರಿಂದ ಬಾಗಲಕೋಟೆ, ಜಮಖಂಡಿ, ಮುಧೋಳದ ಸುತ್ತಮುತ್ತ ಇರುವ ಮೂಳೆ ತಜ್ಞರು, ಸಾರಿಗೆ ಇಲಾಖೆಯ ನಿವೃತ್ತರು ಅಥವಾ 108 ಆಂಬುಲೆನ್ಸ್ ಸಿಬ್ಬಂದಿ ಯಾರಾದರೂ ಒಂದು ಶನಿವಾರ ಎರಡು ಗಂಟೆ ಬಿಡುವು ಮಾಡಿಕೊಂಡು ಬಂದು, ತಾವು ಕಂಡದ್ದನ್ನು ಮಕ್ಕಳಿಗೆ ನೇರವಾಗಿ ಹೇಳುವಿರಾ? ಹೆಲ್ಮೆಟ್ಟಿನ ಪಟ್ಟಿ ಬಿಗಿಯುವ ಸರಿಯಾದ ಕ್ರಮವನ್ನು ತೋರಿಸಲು ಬೇರೆ ಬೇರೆ ಅಳತೆಯ ಕೆಲವು ಹೆಲ್ಮೆಟ್‌ಗಳೂ ಒಂದು ದಿನದ ಮಟ್ಟಿಗೆ ಬೇಕಾಗಿವೆ. ಪ್ರಯಾಣದ ವೆಚ್ಚವನ್ನು ನಾವು ಭರಿಸುತ್ತೇವೆ. ದಯವಿಟ್ಟು ಇಲ್ಲಿಯೇ ಉತ್ತರಿಸಿ.