ಪದಚರ್ಚೆ: ಶಾಲೆಯ ‘ಗವರ್ನರ್’ ಎಂಬವರಿಗೆ ಕನ್ನಡದಲ್ಲಿ ಏನೆನ್ನುವುದು?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಇಂಗ್ಲೆಂಡಿನ ಒಂದು ಕಥೋಲಿಕ ಪ್ರಾಥಮಿಕ ಶಾಲೆಯಲ್ಲಿ ನಾನು ಮೂರು ವರ್ಷಗಳಿಂದ ‘ಸ್ಕೂಲ್ ಗವರ್ನರ್’ ಆಗಿದ್ದೇನೆ. ಉಡುಪಿ ಕಡೆಯ ನಮ್ಮೂರ ಚರ್ಚಿನ ವಾರ್ಷಿಕ ಸಂಚಿಕೆಗೆ ಈ ಕೆಲಸದ ಬಗ್ಗೆ ಕನ್ನಡದಲ್ಲಿ ನಾಲ್ಕು ಪುಟ ಬರೆದುಕೊಡಬೇಕೆಂದು ಸಂಪಾದಕರು ಕೇಳಿದ್ದಾರೆ. ಬರೆಯಲು ಕುಳಿತವಳು ಮೊದಲ ವಾಕ್ಯದಲ್ಲೇ ಸಿಕ್ಕಿಕೊಂಡಿದ್ದೇನೆ. ನಾನು ಅಲ್ಲಿ ಏನಾಗಿದ್ದೇನೆ ಎಂಬುದಕ್ಕೆ ಕನ್ನಡದಲ್ಲಿ ಒಂದು ಪದ ಸಿಗುತ್ತಿಲ್ಲ.

‘ಗವರ್ನರ್’ ಎಂದೇ ಬರೆದರಾಯಿತಲ್ಲ ಎಂದು ನೀವು ಕೇಳಬಹುದು. ನೇಮಕದ ಪತ್ರ ಬಂದ ದಿನ ಮನೆಯವರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಗೆಯೇ ಬರೆದೆ. ರಾಜಭವನದಲ್ಲಿ ತನಗೂ ಒಂದು ಕೋಣೆ ತೆಗೆದಿಡಬೇಕೆಂದು ಚಿಕ್ಕಪ್ಪ ಉತ್ತರಿಸಿದರು. ಅಮ್ಮ ಮಾತ್ರ ಫೋನು ಮಾಡಿ ಸಂಬಳ ಎಷ್ಟೆಂದು ಕೇಳಿದರು. ಒಂದು ಪೌಂಡೂ ಇಲ್ಲ, ಓಡಾಟದ ಖರ್ಚು ಕೇಳಿದರೆ ಕೊಟ್ಟಾರು ಎಂದದ್ದಕ್ಕೆ, “ಹಾಗಾದರೆ ನಮ್ಮ ವಾರ್ಡಿನ ಗುರ್ಕಾರರ ಹಾಗೆ ಅನ್ನು” ಎಂದುಬಿಟ್ಟರು. ಆ ಮಾತಿಗೆ ಮುಂದೆ ಬರುತ್ತೇನೆ.

ಪದ ಹುಡುಕುವ ಮೊದಲು ಕೆಲಸದ ಸ್ವರೂಪವನ್ನು ಹೇಳಬೇಕು. ನಮ್ಮದು 1944ರ ಶಿಕ್ಷಣ ಕಾಯ್ದೆಯಿಂದ ರೂಪುಗೊಂಡ ‘ವಾಲಂಟರಿ ಏಯ್ಡೆಡ್’ ವರ್ಗದ ಶಾಲೆ. ನಾಲ್ಕರಿಂದ ಹನ್ನೊಂದು ವರ್ಷದ ಮಕ್ಕಳು ಓದುತ್ತಾರೆ. ಜಾಗ ಮತ್ತು ಕಟ್ಟಡಗಳ ಹಿಂದೆ ಚರ್ಚಿನ ಟ್ರಸ್ಟ್ ಇದೆ, ನಡೆಸುವ ಹಣ ಸರಕಾರದ್ದು, ಕಟ್ಟಡದ ದೊಡ್ಡ ಕಾಮಗಾರಿಗಳಲ್ಲಿ ಸಾಮಾನ್ಯವಾಗಿ ನೂರಕ್ಕೆ ಹತ್ತರಷ್ಟನ್ನು ಶಾಲೆಯ ಕಡೆಯವರು ಹೊಂದಿಸಬೇಕು. ಗವರ್ನರುಗಳ ಮಂಡಳಿಯೇ ಶಿಕ್ಷಕರ ಉದ್ಯೋಗದಾತ, ಮಕ್ಕಳ ಪ್ರವೇಶದ ನಿಯಮಗಳನ್ನು ನಿಗದಿಪಡಿಸುವುದೂ ಅದೇ. ನಮ್ಮ ಮಂಡಳಿಯಲ್ಲಿ ಹನ್ನೆರಡು ಮಂದಿ ಇದ್ದೇವೆ: ತಂದೆತಾಯಂದಿರು ಚುನಾಯಿಸಿದ ಇಬ್ಬರು, ಸಿಬ್ಬಂದಿಯ ಪರವಾಗಿ ಒಬ್ಬರು, ಸ್ಥಳೀಯ ಆಡಳಿತದ ಕಡೆಯಿಂದ ಒಬ್ಬರು, ಮುಖ್ಯೋಪಾಧ್ಯಾಯಿನಿ, ಮತ್ತು ಧರ್ಮಾಧ್ಯಕ್ಷರು (ಬಿಷಪ್) ನೇಮಿಸಿದ ಏಳು ಜನ. ಈ ಕೊನೆಯ ಗುಂಪು ಉಳಿದವರೆಲ್ಲರ ಒಟ್ಟು ಸಂಖ್ಯೆಗಿಂತ ಎರಡು ಹೆಚ್ಚಿರಬೇಕೆಂಬುದು ಕಾನೂನು. ನಾನು ಆ ಏಳರಲ್ಲಿ ಒಬ್ಬಳು. ಅವಧಿ ಸಾಮಾನ್ಯವಾಗಿ ನಾಲ್ಕು ವರ್ಷ.

ಇಷ್ಟೆಲ್ಲ ಅಧಿಕಾರವಿದ್ದರೂ ಅದು ಮಂಡಳಿಯದೇ ಹೊರತು ಯಾವ ಒಬ್ಬ ಗವರ್ನರನದೂ ಅಲ್ಲ ಎಂಬುದು ನನ್ನ ಪ್ರಶ್ನೆಯ ಗಂಟು. ಮಂಡಳಿ ಒಪ್ಪಿಸದ ಹೊರತು ಒಬ್ಬಳೇ ನಿಂತು ನಾನು ಏನನ್ನೂ ತೀರ್ಮಾನಿಸುವಂತಿಲ್ಲ. ತುರ್ತು ಸಂದರ್ಭದಲ್ಲಿ ಅಧ್ಯಕ್ಷರಿಗೆ ಮಾತ್ರ ಸ್ವಲ್ಪ ವಿನಾಯಿತಿ ಇದೆ. ಶಾಲೆಯ ದಿನನಿತ್ಯದ ಆಡಳಿತ ಮುಖ್ಯೋಪಾಧ್ಯಾಯರದು, ನಾವು ಅದರಲ್ಲಿ ಕೈಹಾಕಬಾರದು. ಸಂಜೆ ಆರಕ್ಕೆ ಒಂದನೇ ತರಗತಿಯ ಕೋಣೆಯಲ್ಲಿ, ಆರು ವರ್ಷದ ಮಕ್ಕಳಿಗೆಂದು ಮಾಡಿಸಿದ ಕುರ್ಚಿಗಳಲ್ಲಿ ಮೊಣಕಾಲು ಎದೆಗೆ ತಾಗುವಂತೆ ಕುಳಿತು, ಪ್ರಾರ್ಥನೆ ಮುಗಿದ ಮೇಲೆ, “ಬಡ ಮನೆಗಳ ಮಕ್ಕಳ ಹಾಜರಿ ಉಳಿದವರಿಗಿಂತ ಕಡಿಮೆ ಏಕಿದೆ, ಕಳೆದ ಸಭೆಯಲ್ಲಿ ಹೇಳಿದ ಕ್ರಮದಿಂದ ಏನು ಬದಲಾಯಿತು?” ಎಂದು ಕೇಳುವುದೇ ನಮ್ಮ ಮುಖ್ಯ ಕೆಲಸ.

ಈಗ ಕನ್ನಡದ ಆಯ್ಕೆಗಳು. ‘ರಾಜ್ಯಪಾಲ’ದ ಮಾದರಿಯಲ್ಲಿ ‘ಶಾಲಾಪಾಲಕ’ ಎಂದು ಕಟ್ಟಬಹುದೇ ಎಂದು ಮೊದಲು ಯೋಚಿಸಿದೆ. ಆದರೆ ಧಾರವಾಡದ ಕಡೆಯ ಓದುಗರಿಗೆ ‘ಪಾಲಕರು’ ಎಂದರೆ ಮಕ್ಕಳ ತಂದೆತಾಯಂದಿರು. ‘ಪೋಷಕ’ ಎನ್ನೋಣವೆಂದರೆ ಬೆಂಗಳೂರು, ಮೈಸೂರು ಕಡೆ ಅದೂ ತಂದೆತಾಯಂದಿರೇ. ‘ರಕ್ಷಕ’ ಉಳಿಯಿತಲ್ಲ ಎಂದರೆ ನಮ್ಮ ಕರಾವಳಿಯ ಶಾಲೆಗಳಲ್ಲಿ ‘ಶಿಕ್ಷಕ-ರಕ್ಷಕ ಸಂಘ’ ಕುಳಿತಿದೆ. ಕಾಯುವ ಅರ್ಥದ ಮೂರು ಪದಗಳನ್ನೂ ಮೂರು ಸೀಮೆಯ ಹೆತ್ತವರು ಹಂಚಿಕೊಂಡಿರುವುದರಿಂದ ಆ ದಾರಿ ಮುಚ್ಚಿದೆ.

‘ಆಡಳಿತ ಮಂಡಳಿ ಸದಸ್ಯೆ’ ಎಂಬುದು ಸಿದ್ಧವಾಗಿಯೇ ಇರುವ ಪದ, ಪತ್ರಿಕೆಯವರೂ ಬಹುಶಃ ಅದನ್ನೇ ಹಾಕುತ್ತಾರೆ. ಆದರೆ ನಮ್ಮಲ್ಲಿ ಆಡಳಿತ ಮಂಡಳಿ ಎಂದರೆ ಶಾಲೆಯ ಒಡೆತನವುಳ್ಳವರು, ಫೀಸು ನಿರ್ಧರಿಸುವವರು, ವಾರ್ಷಿಕೋತ್ಸವದಲ್ಲಿ ವೇದಿಕೆಯ ಮೇಲೆ ಶಾಲು ಹೊದೆಸಿಕೊಳ್ಳುವವರು ಎಂಬ ಚಿತ್ರ ಬರುತ್ತದೆ. ನಾವು ಆಡಳಿತ ನಡೆಸುವವರಲ್ಲ ಎಂಬುದನ್ನೇ ತಿಳಿಸಬೇಕಾದ ಲೇಖನಕ್ಕೆ ಅದು ಹೊಂದುವುದಿಲ್ಲ. ಕರಾವಳಿಯ ಕಥೋಲಿಕ ಶಾಲೆಗಳಲ್ಲಿ ಸಾಮಾನ್ಯವಾಗಿ ಧರ್ಮಗುರುಗಳಿಗೇ ಸಲ್ಲುವ ‘ಸಂಚಾಲಕರು’ ಎಂಬ ಪದವೂ ಇದೆ. ಆದರೆ ಸಂಚಾಲಕರು ಒಬ್ಬರೇ, ಅವರ ಸಹಿಗೆ ಬೆಲೆಯಿದೆ. ನನ್ನ ಸಹಿಗೆ ಇಲ್ಲ.

ದೇವಸ್ಥಾನಗಳ ‘ಧರ್ಮದರ್ಶಿ’ಯನ್ನೂ ‘ಮೊಕ್ತೇಸರ’ನನ್ನೂ ಎತ್ತಿ ನೋಡಿದೆ. ಸಂಬಳವಿಲ್ಲದೆ ಊರವರ ಪರವಾಗಿ ಹೊಣೆ ಹೊರುವ ಅರ್ಥ ಎರಡರಲ್ಲೂ ಇದೆ, ಮೊಕ್ತೇಸರರೆಂಬುದು ಕಿವಿಗೂ ಹಿತ. ಆದರೆ ಚರ್ಚಿನ ಸಂಚಿಕೆಯಲ್ಲಿ ಅದನ್ನು ಓದಿದವರು ನಾನು ಇಂಗ್ಲೆಂಡಿನಲ್ಲಿ ದೇವಸ್ಥಾನ ನೋಡಿಕೊಳ್ಳುತ್ತಿದ್ದೇನೆ ಎಂದುಕೊಂಡಾರು.

ಕೊನೆಗೆ ಉಳಿದದ್ದು ‘ಮೇಲುಸ್ತುವಾರಿ’. ಕರ್ನಾಟಕದ ಸರಕಾರಿ ಶಾಲೆಗಳಲ್ಲಿ 2001ರಲ್ಲಿ, ರಾಜಾ ರಾಮಣ್ಣನವರ ನೇತೃತ್ವದ ಕಾರ್ಯಪಡೆಯ ಸಲಹೆಯಂತೆ, ‘ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ’ಗಳು ಬಂದವು, ಜನ ಅದನ್ನು ಎಸ್‌ಡಿಎಂಸಿ ಎಂದೇ ಕರೆಯುತ್ತಾರೆ. ಶಿಕ್ಷಕರನ್ನು ನೇಮಿಸುವ ಅಧಿಕಾರ ಆ ಸಮಿತಿಗಿಲ್ಲ, ಹಾಗಾಗಿ ಎರಡೂ ಒಂದೇ ಅಲ್ಲ. ಆದರೂ ನಡೆಸುವವರು ಬೇರೆ, ನಡೆಯುತ್ತಿದೆಯೇ ಎಂದು ನೋಡುವವರು ಬೇರೆ ಎಂಬ ಭೇದವನ್ನು ಹಿಡಿದ ಪದ ನನಗೆ ಕಂಡಂತೆ ಇದೊಂದೇ. ತೊಡಕೆಂದರೆ ಇದು ಕೆಲಸದ ಹೆಸರು, ವ್ಯಕ್ತಿಯ ಹೆಸರಾಗುವುದಿಲ್ಲ. ‘ಮೇಲುಸ್ತುವಾರಿಗಾರ್ತಿ’ ಎಂದು ಬರೆದು ನಾನೇ ಹೊಡೆದುಹಾಕಿದೆ.

ಮೂಲ ಪದವೇ ದಾರಿ ತೋರೀತೇ ಎಂದೂ ನೋಡಿದೆ. ‘ಗವರ್ನರ್’ ಲ್ಯಾಟಿನ್ನಿನ ಮೂಲಕ ಗ್ರೀಕಿನಿಂದ ಬಂದದ್ದು, ಅಲ್ಲಿ ಅದರ ಅರ್ಥ ಹಡಗಿನ ಚುಕ್ಕಾಣಿ ಹಿಡಿಯುವುದು. ನಮ್ಮಲ್ಲೂ ಪಕ್ಷದ ಚುಕ್ಕಾಣಿ, ರಾಜ್ಯದ ಚುಕ್ಕಾಣಿ ಎನ್ನುತ್ತೇವೆ. ಆದರೆ ಚುಕ್ಕಾಣಿ ಹಿಡಿದವರು ಮುಖ್ಯೋಪಾಧ್ಯಾಯರು. ಹಡಗು ಹೋಗಬೇಕಾದ ಬಂದರು ಯಾವುದೆಂದು ಅವರೊಡನೆ ಕುಳಿತು ನಿಶ್ಚಯಿಸಿ, ಆಮೇಲೆ ನಕ್ಷೆ ಕೇಳಿ ನೋಡುವವರು ನಾವು. ಕನ್ನಡಿಗರಿಗೆ ನಿತ್ಯದ ಮಾತಿನಲ್ಲಿ ಗೊತ್ತಿರುವ ಗವರ್ನರುಗಳು ಮೂರು: ರಾಜಭವನದವರು, ರಿಸರ್ವ್ ಬ್ಯಾಂಕಿನವರು, ಮತ್ತು ಲಾರಿ-ಬಸ್ಸುಗಳಿಗೆ ಅಳವಡಿಸುವ ‘ಸ್ಪೀಡ್ ಗವರ್ನರ್’. ಎರಡನೆಯವರನ್ನು ಯಾರೂ ಬ್ಯಾಂಕ್‌ಪಾಲ ಎಂದಿಲ್ಲ, ಗವರ್ನರ್ ಎಂದೇ ಬರೆಯುತ್ತಾರೆ ಎಂಬುದು ಎರವಲು ಪದದ ಪರವಾದ ಒಳ್ಳೆಯ ವಾದ.

ಜೊತೆಯಲ್ಲಿ ಇನ್ನೂ ಕೆಲವು ಪದಗಳು ಕಾಡುತ್ತಿವೆ. ‘ವಾಲಂಟರಿ ಏಯ್ಡೆಡ್’ ಶಾಲೆಗೆ ‘ಅನುದಾನಿತ ಶಾಲೆ’ ಸಾಕೆನಿಸುತ್ತದೆ. ಅಲ್ಲಿನ ‘ವಾಲಂಟರಿ’ಗೂ ಸ್ವಯಂಸೇವೆಗೂ ಸಂಬಂಧವಿಲ್ಲ, ಸರಕಾರದ್ದಲ್ಲದ ಸಂಸ್ಥೆ ಸ್ಥಾಪಿಸಿದ್ದು ಎಂದಷ್ಟೇ ಅರ್ಥ. ಧರ್ಮಾಧ್ಯಕ್ಷರು ನೇಮಿಸಿದ ನಮ್ಮನ್ನು ಇಂಗ್ಲಿಷಿನಲ್ಲಿ ‘ಫೌಂಡೇಶನ್ ಗವರ್ನರ್’ ಎನ್ನುತ್ತಾರೆ. ಗೆಳತಿಯೊಬ್ಬಳು ಇದನ್ನು ‘ಸ್ಥಾಪಕ ಸದಸ್ಯೆ’ ಎಂದು ಅನುವಾದಿಸಿಕೊಟ್ಟಳು, ಆ ಲೆಕ್ಕದಲ್ಲಿ ನನಗೆ ನೂರು ದಾಟಿರಬೇಕು. ‘ನಾಮನಿರ್ದೇಶಿತ ಸದಸ್ಯೆ’ ಸರಿಯೆಂದು ನನ್ನ ಅಭಿಪ್ರಾಯ. ಮಂಡಳಿಯ ‘ಕ್ಲಾರ್ಕ್’ ನಮ್ಮ ಗುಮಾಸ್ತರಲ್ಲ. ಸಭೆಯ ನಡವಳಿ ಬರೆಯುವುದರ ಜೊತೆಗೆ, ಕಾನೂನು ಮೀರಿದರೆ ಅಧ್ಯಕ್ಷರನ್ನೇ ತಡೆದು ಹೇಳುವವರು. ‘ಕಾರ್ಯದರ್ಶಿ’ ಎನ್ನಬಹುದು, ಆದರೆ ಅವರಿಗೆ ಮತವಿಲ್ಲ ಎಂದು ಸೇರಿಸಬೇಕು.

ಸಂಬಳವಿಲ್ಲದ ಸೇವೆಯನ್ನು ಹೇಳುವುದೂ ಸುಲಭವಲ್ಲ. ‘ಸ್ವಯಂಸೇವಕಿ’ ಎಂದರೆ ಹಬ್ಬದ ದಿನ ಬ್ಯಾಡ್ಜು ಕಟ್ಟಿಕೊಂಡು ಸಾಲು ಸರಿಪಡಿಸುವವರು ಕಣ್ಣಿಗೆ ಬರುತ್ತಾರೆ. ‘ಗೌರವ ಸದಸ್ಯೆ’ ಎನ್ನೋಣವೇ? ‘ಗೌರವ ಕಾರ್ಯದರ್ಶಿ’ಯಲ್ಲಿ ಗೌರವವೆಂದರೆ ಹಣವಿಲ್ಲ ಎಂದರ್ಥ, ‘ಗೌರವಧನ’ದಲ್ಲಿ ಅದೇ ಗೌರವ ಹಣವಾಗಿಯೇ ಬರುತ್ತದೆ, ಈ ವಿಚಿತ್ರ ಹೇಗಾಯಿತೆಂದು ಬಲ್ಲವರು ಬೇರೆಯಾಗಿ ಬರೆದರೆ ಸಂತೋಷ.

ಎಲ್ಲಕ್ಕಿಂತ ಕಷ್ಟದ್ದು ‘ಕ್ರಿಟಿಕಲ್ ಫ್ರೆಂಡ್’. ತರಬೇತಿಯಲ್ಲಿ ಗವರ್ನರ್ ಎಂದರೇನು ಎನ್ನುವುದಕ್ಕೆ ಪದೇ ಪದೇ ಕೊಡುವ ವ್ಯಾಖ್ಯೆ ಇದು: ಶಾಲೆಯ ಹಿತ ಬಯಸುತ್ತಲೇ ಕಷ್ಟದ ಪ್ರಶ್ನೆಗಳನ್ನು ಕೇಳುವ ಸ್ನೇಹಿತರು ಎಂದರ್ಥ. ‘ವಿಮರ್ಶಕ ಮಿತ್ರ’ ಎಂದರೆ ಪುಸ್ತಕ ವಿಮರ್ಶೆ ಬರೆಯುವವನಂತೆ ಕೇಳುತ್ತದೆ. ‘ನಿಷ್ಠುರ ಗೆಳತಿ’ ಹತ್ತಿರ ಬರುತ್ತದೆ, ಆದರೆ ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದೆಯುತ್ತಾರೆಂದು ಗಾದೆ ಕಟ್ಟಿದ ನಮ್ಮ ಭಾಷೆಯಲ್ಲಿ ನಿಷ್ಠುರಕ್ಕೆ ಜಗಳದ ವಾಸನೆ ಅಂಟಿಕೊಂಡಿದೆ.

ಇಲ್ಲಿ ಅಮ್ಮನ ಮಾತು ನೆನಪಾಗುತ್ತದೆ. ನಮ್ಮ ಕೊಂಕಣಿಯ ‘ಗುರ್ಕಾರ್’ ಎಂದರೆ ಚರ್ಚಿನ ಒಂದು ವಾರ್ಡಿನ ಹಿರಿಯ. ಸಂಬಳವಿಲ್ಲ, ಅಪ್ಪಣೆ ಮಾಡುವ ಅಧಿಕಾರವಿಲ್ಲ, ಆದರೆ ವಾರ್ಡಿನ ಮನೆಗಳ ಪರವಾಗಿ ಧರ್ಮಗುರುಗಳೊಡನೆ ಮಾತಾಡುವ ಸಲುಗೆ ಇದೆ. ಸಂಚಿಕೆಯ ಓದುಗರಿಗೆ ಹೋಲಿಕೆಯಾಗಿ ಇದನ್ನು ಕೊಡುತ್ತೇನೆ, ಪದವಾಗಿ ಅಲ್ಲ, ಏಕೆಂದರೆ ಚರ್ಚಿನ ಆವರಣದಾಚೆ ಅದು ಅರ್ಥವಾಗದು.

ಸದ್ಯಕ್ಕೆ ಬರೆದಿಟ್ಟಿರುವ ಮೊದಲ ವಾಕ್ಯ ಹೀಗಿದೆ: “ಇಂಗ್ಲೆಂಡಿನ ಒಂದು ಅನುದಾನಿತ ಕಥೋಲಿಕ ಪ್ರಾಥಮಿಕ ಶಾಲೆಯ ಮೇಲುಸ್ತುವಾರಿ ಮಂಡಳಿಗೆ ಧರ್ಮಾಧ್ಯಕ್ಷರು ನನ್ನನ್ನು ನಾಮನಿರ್ದೇಶಿತ ಸದಸ್ಯೆಯಾಗಿ ನೇಮಿಸಿದ್ದಾರೆ, ಇಂಥ ಸದಸ್ಯರನ್ನು ಅಲ್ಲಿ ಗವರ್ನರ್ ಎನ್ನುತ್ತಾರೆ, ಸಂಬಳವಿಲ್ಲ.” ‘ನಾಮನಿರ್ದೇಶಿತ’ವೂ ‘ನೇಮಿಸಿದ್ದಾರೆ’ಯೂ ಒಂದೇ ವಾಕ್ಯದಲ್ಲಿ ಬಂದು ಭಾರವಾಗಿದೆ ಎಂದು ನನಗೇ ಅನಿಸುತ್ತಿದೆ. ಅದನ್ನು ಹಗುರ ಮಾಡುವ ಬಗೆಯನ್ನೂ, ‘ಕ್ರಿಟಿಕಲ್ ಫ್ರೆಂಡ್’ಗೆ ನಿಮ್ಮ ಸೀಮೆಯ ಆಡುಮಾತಿನಲ್ಲಿ ಏನಾದರೂ ಇದ್ದರೆ ಅದನ್ನೂ ಈ ತಿಂಗಳ ಕೊನೆಯೊಳಗೆ ತಿಳಿಸಿದರೆ ಲೇಖನದಲ್ಲಿ ಸೇರಿಸಿಕೊಳ್ಳುತ್ತೇನೆ.